ವಾಚಿನಲ್ಲಿ ಮಾತಾಡಿ ರೋಬೋಟ್ ಕರೆಯುವ ಹುಡುಗ: ಈ ಸೀರಿಯಲ್ ಯಾರಿಗಾದರೂ ನೆನಪಿದೆಯಾ?

ನಾಲೆದಂಡೆ
ಎಲ್ಲರಿಗೂ ನಮಸ್ಕಾರ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಒಂದು ಸೀರಿಯಲ್ ಹುಡುಕುತ್ತಿದ್ದೇನೆ. ಕಾರ್ಟೂನ್ ಅಲ್ಲ, ಮನುಷ್ಯರೇ ನಟಿಸಿದ್ದು. ಒಬ್ಬ ಪುಟ್ಟ ಹುಡುಗ, ಕೈಯಲ್ಲಿ ವಾಚು. ಅದರಲ್ಲಿ ಮಾತಾಡಿದರೆ ಮನೆಗಿಂತ ದೊಡ್ಡ ರೋಬೋಟ್ ಹಾರಿಕೊಂಡು ಬರುತ್ತಿತ್ತು. ರೋಬೋಟ್ ತಲೆ ಹಳೇ ಕಾಲದ ರಾಜರ ಥರ, ಎರಡೂ ಕಡೆ ಪಟ್ಟಿ ಇಳಿಬಿದ್ದಿತ್ತು. ಬಾಯಿ ಅಲ್ಲಾಡುತ್ತಿರಲಿಲ್ಲ.

ಆಗ ನಾವು ಮಂಡ್ಯದಲ್ಲಿ ಒಂದು ವಠಾರದಲ್ಲಿದ್ದೆವು. ಎಂಟು ಮನೆಗೆ ಒಂದೇ ಟಿವಿ. ಮರದ ಬಾಗಿಲು ಎಳೆದು ತೆಗೆಯುವ ಬ್ಲ್ಯಾಕ್ ಅಂಡ್ ವೈಟ್ ಟಿವಿ. ನನಗೆ ಏಳು ವರ್ಷ. ಟಿವಿಯವರು ಆಡುವ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಅಣ್ಣ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದ. ಖಳನ ಹೆಸರು ಮಹಿಷ, ಅವನ ಅರಮನೆ ಸಮುದ್ರದ ತಳದಲ್ಲಿ. ಒಳ್ಳೆಯವರ ಗುಂಪಿಗೆ ಒಂಟಿಕೊಂಬಿನ ಪಡೆ ಅಂತ ಹೆಸರು. ಕೊನೇ ಕಂತಿನಲ್ಲಿ ರೋಬೋಟ್ ಮಹಿಷನನ್ನು ಹೊತ್ತುಕೊಂಡು ಆಕಾಶಕ್ಕೆ ಹೋಗುತ್ತದೆ. ಅವನನ್ನು ಅಲ್ಲೇ ಎಸೆದು, ಸುಸ್ತಾಗಿ ವಾಪಸ್ ಬಂದು ಒಂದು ದೊಡ್ಡ ಕಟ್ಟೆಯ ನೀರಿಗೆ ಬಿದ್ದು ಮಲಗುತ್ತದೆ. ಯಾವತ್ತಾದರೂ ಹುಡುಗ ಕರೆದರೆ ಏಳುತ್ತದೆ.

ಹೋದ ವಾರ ಮಗನಿಗೆ ಈ ಕಥೆ ಹೇಳಿದೆ. ತೋರಿಸು ಅಂತ ಒಂದೇ ಹಠ. ಮಹಿಷ, ರೋಬೋಟ್ ಅಂತ ಹುಡುಕಿದರೆ ಏನೇನೋ ಬರುತ್ತದೆ. ಹೆಸರು ಗೊತ್ತಿದ್ದವರು ದಯವಿಟ್ಟು ಹೇಳಿ.

ಆಂಟೆನಾ ಮೇಷ್ಟ್ರು
ಜೈಂಟ್ ರೋಬೋಟ್! ನಿಮ್ಮ ಪೋಸ್ಟ್ ಓದಿ ಮೈ ಜುಮ್ ಅಂದಿತು.

ಇಂಗ್ಲಿಷ್‌ನಲ್ಲಿ ಅದರ ಪೂರ್ತಿ ಹೆಸರು ಜಾನಿ ಸೊಕ್ಕೊ ಅಂಡ್ ಹಿಸ್ ಫ್ಲೈಯಿಂಗ್ ರೋಬೋಟ್. ಮೂಲ ಜಪಾನಿನದು. ಅಲ್ಲಿ 1967ರ ಅಕ್ಟೋಬರ್‌ನಿಂದ 1968ರ ಏಪ್ರಿಲ್‌ವರೆಗೆ ಬಂತು, ಒಟ್ಟು 26 ಕಂತು. ನಮಗೆ ತಲುಪುವಷ್ಟರಲ್ಲಿ ಅದಕ್ಕೆ ಹೆಚ್ಚುಕಮ್ಮಿ ಇಪ್ಪತ್ತು ವರ್ಷ. ನೀವು ಹೇಳಿದ ತಲೆ ಈಜಿಪ್ಟಿನ ಫೇರೋಗಳದು. ಖಳನ ಹೆಸರು ಚಕ್ರವರ್ತಿ ಗಿಲೊಟಿನ್. ಒಳ್ಳೆಯವರ ಸಂಸ್ಥೆ ಯೂನಿಕಾರ್ನ್. ಒಂಟಿಕೊಂಬಿನ ಪಡೆ ಅಂತ ನಿಮ್ಮ ಅಣ್ಣ ಎಷ್ಟು ಚೆನ್ನಾಗಿ ಕನ್ನಡ ಮಾಡಿದ್ದಾರೆ ನೋಡಿ!

ಶಾರದೆ ಒಂಟಿಕೊಪ್ಪಲ್
ಹೆಸರು ಸರಿ ಮೇಷ್ಟ್ರೇ. ಆದರೆ ಕೊನೆ ಹಾಗಲ್ಲ. ರೋಬೋಟ್ ವಾಪಸ್ ಬರುವುದೇ ಇಲ್ಲ.

ಗಿಲೊಟಿನ್ ಕೊನೆಯಲ್ಲಿ ಬೆಟ್ಟದಷ್ಟು ದೊಡ್ಡವನಾಗುತ್ತಾನೆ. ಅವನ ಮೈಯೆಲ್ಲ ಅಣುಶಕ್ತಿ. ಅವನಿಗೆ ಹೊಡೆದರೆ ಭೂಮಿಯೇ ಸಿಡಿಯುತ್ತದೆ. ಆಗ ರೋಬೋಟ್ ಯಾರೂ ಹೇಳದೆ ತಾನಾಗಿಯೇ ಅವನನ್ನು ಹಿಡಿದು ಆಕಾಶಕ್ಕೆ ಹಾರುತ್ತದೆ. ಹುಡುಗ ಬಾ, ವಾಪಸ್ ಬಾ ಅಂತ ವಾಚಿನಲ್ಲಿ ಕೂಗುತ್ತಲೇ ಇರುತ್ತಾನೆ. ಅಲ್ಲಿಯವರೆಗೆ ಅವನು ಹೇಳಿದ್ದನ್ನೆಲ್ಲ ಕೇಳಿದ್ದ ರೋಬೋಟ್ ಆವತ್ತು ಕೇಳುವುದಿಲ್ಲ. ಉಲ್ಕೆಗೆ ಹೋಗಿ ಗುದ್ದುತ್ತದೆ, ಇಬ್ಬರೂ ಹೋಗುತ್ತಾರೆ. ಅಷ್ಟೇ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾಲೆದಂಡೆ
ಹೆಸರು ಸಿಕ್ಕಿತು, ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಆದರೆ ಶಾರದಕ್ಕ, ನೀರಿಗೆ ಬಿದ್ದಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಗುಳುಗುಳು ಅಂತ ಗುಳ್ಳೆ ಎದ್ದಿದ್ದೂ ನೆನಪಿದೆ. ಎರಡು ಥರದ ಕೊನೆ ಇತ್ತಾ?

ಶಾರದೆ ಒಂಟಿಕೊಪ್ಪಲ್
ಇಲ್ಲಪ್ಪ. ಒಂದೇ.

ಕಬ್ಬಿನಗದ್ದೆ ಕುಮಾರ
ನಮಗೆ ಇದೆಲ್ಲ ಗೊತ್ತಿಲ್ಲ, ನಾವು ಶಕ್ತಿಮಾನ್ ಕಾಲದವರು. ಭಾನುವಾರ ಹನ್ನೆರಡು ಗಂಟೆಗೆ ನಮ್ಮೂರ ಬೀದಿಯಲ್ಲಿ ಒಂದು ಮಗು ಕಾಣುತ್ತಿರಲಿಲ್ಲ. ಗದ್ದೆಗೆ ಬುತ್ತಿ ಕೊಟ್ಟು ಬಾ ಅಂದರೆ ಒಂದು ಗಂಟೆ ಆಗಲಿ ಅಂತಿದ್ದೆವು. ಅಪ್ಪ ಬೈದರೂ ಪರವಾಗಿಲ್ಲ.

ಸಂಜೆ ಕರೆಂಟು ಹೋದ ತಕ್ಷಣ ಬೀದಿಯ ಹುಡುಗರೆಲ್ಲ ಒಟ್ಟಿಗೆ 'ಅಂಧೇರಾ ಕಾಯಂ ರಹೇ', ಅಂದರೆ ಕತ್ತಲು ಹೀಗೇ ಇರಲಿ ಅಂತ ಅದರ ಖಳ ಕಿಲ್ವಿಶ್ ಥರ ಕೂಗುತ್ತಿದ್ದೆವು. ಹಿಂದಿಯಲ್ಲಿ ನನಗೆ ಗೊತ್ತಿದ್ದ ಮೊದಲ ವಾಕ್ಯ ಅದೇ.

ಆಂಟೆನಾ ಮೇಷ್ಟ್ರು
ಕುಮಾರ್, ಶಕ್ತಿಮಾನ್ ನನಗೂ ಇಷ್ಟ. ಆದರೆ ಅದು ವಿಜ್ಞಾನದ ಕಥೆ ಅಲ್ಲ. ಅವನಿಗೆ ಶಕ್ತಿ ಬಂದಿದ್ದು ಪಂಚಭೂತಗಳಿಂದ, ಕುಂಡಲಿನಿಯಿಂದ. ಅದು ಪುರಾಣದ ದಾರಿ. ಭೀಷ್ಮನ ಪಾತ್ರ ಮಾಡಿದ ಮುಕೇಶ್ ಖನ್ನಾ ಅವರೇ ಶಕ್ತಿಮಾನ್ ಆಗಿದ್ದು ಇದಕ್ಕೆ ಸರಿಯಾಗಿಯೇ ಇದೆ.

ಕಬ್ಬಿನಗದ್ದೆ ಕುಮಾರ
ಹಾಗಾದರೆ ಡಾಕ್ಟರ್ ಜೈಕಾಲ್ ಯಾರು ಸರ್? ಪ್ರಯೋಗಶಾಲೆ ಇಟ್ಟುಕೊಂಡು 'ಪವರ್' ಅಂತ ಕೂಗುತ್ತಿದ್ದ ಮನುಷ್ಯ ವಿಜ್ಞಾನಿಯಲ್ವಾ? 1997ರಿಂದ 2005ರವರೆಗೆ ಬಂದ ಸೀರಿಯಲ್ಲನ್ನು ಒಂದೇ ಮಾತಲ್ಲಿ ಪುರಾಣ ಅನ್ನಬೇಡಿ. ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಸೇರಿದ್ದಕ್ಕೆ ಆ ಲ್ಯಾಬ್‌ನಲ್ಲಿ ಮಿನುಗುತ್ತಿದ್ದ ಬಲ್ಬುಗಳೂ ಒಂದು ಕಾರಣ. ಸುಮ್ನೆ ಹೇಳುತ್ತಿಲ್ಲ.

ಚಾಮುಂಡಿಪುರಂ ಚಂದ್ರು
ವಿಜ್ಞಾನದ ಕಥೆ ಬೇಕಾದರೆ ಕ್ಯಾಪ್ಟನ್ ವ್ಯೋಮ್ ನೋಡಿ. 1998. ಕೇತನ್ ಮೆಹ್ತಾ ಮಾಡಿದ್ದು, ಮಿಲಿಂದ್ ಸೋಮನ್ ಹೀರೋ. ಕಥೆ ನಡೆಯುವುದು ಮುಂದೆ ಬರುವ ಕಾಲದಲ್ಲಿ. ಜೈಲಿನಿಂದ ತಪ್ಪಿಸಿಕೊಂಡ 12 ಅಪರಾಧಿಗಳನ್ನು ಗ್ರಹದಿಂದ ಗ್ರಹಕ್ಕೆ ಅಟ್ಟಿಸಿಕೊಂಡು ಹೋಗುವುದು. ಕಂಪ್ಯೂಟರ್ ಗ್ರಾಫಿಕ್ಸ್ ಬಳಸಿ ನಮ್ಮ ದೇಶದಲ್ಲಿ ಅಂಥದ್ದು ಮಾಡಿದ್ದು ನೋಡಿ ನಾವು ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಮಾರನೇ ದಿನ ಸ್ಕೂಲಲ್ಲಿ ರಟ್ಟಿನ ಡಬ್ಬಿಗೆ ಬೆಳ್ಳಿ ಕಾಗದ ಅಂಟಿಸಿ ಗನ್ ಮಾಡಿದ್ದೆವು. ಊದುಬತ್ತಿ ಪ್ಯಾಕೆಟ್ಟಿನ ಒಳಗಡೆ ಇರುತ್ತಿತ್ತಲ್ಲ, ಅದೇ ಕಾಗದ.

ಪುಟ್ಟಮ್ಮಣ್ಣಿ
ನೀವೆಲ್ಲ ತೊಂಬತ್ತರ ಮಾತಾಡುತ್ತಿದ್ದೀರಿ. ಇಂದ್ರಧನುಷ್ ಯಾರೂ ನೋಡಿಲ್ವಾ? 1989. ಹುಡುಗರು ಸೇರಿ ಒಂದು ಕಂಪ್ಯೂಟರ್ ಜೋಡಿಸುತ್ತಾರೆ. ಅದರ ಮೂಲಕ ಬೇರೆ ಲೋಕದವನೊಬ್ಬ ಬರುತ್ತಾನೆ, ಕಾಲದಲ್ಲಿ ಹಿಂದೆ ಹೋಗಿ ಬರುವುದೆಲ್ಲ ಇತ್ತು. ಗಿರೀಶ್ ಕಾರ್ನಾಡರು ಅದರಲ್ಲಿದ್ದರು. ಈಗ ದೊಡ್ಡ ನಿರ್ದೇಶಕ ಆಗಿರುವ ಕರಣ್ ಜೋಹರ್ ಆಗ ಚಿಕ್ಕ ಹುಡುಗ, ಅವನೂ ಇದ್ದ.

ಆ ಕಾಲಕ್ಕೆ ನಮ್ಮ ಮನೆಯ ಸುತ್ತಮುತ್ತ ಕಂಪ್ಯೂಟರ್ ಕಣ್ಣಲ್ಲಿ ನೋಡಿದವರೇ ಇರಲಿಲ್ಲ. ಅದನ್ನು ಮಕ್ಕಳೇ ಜೋಡಿಸಬಹುದು ಅಂತ ತೋರಿಸಿದ್ದು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂದರೆ, ಹಾಳಾದ ಟ್ರಾನ್ಸಿಸ್ಟರ್ ಬಿಚ್ಚಿ ನೋಡಲು ಶುರು ಮಾಡಿದೆ. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದರೆ ಅಜ್ಜಿಗೆ ಕೋಪ. ತಾತ ಮಾತ್ರ ಬಿಚ್ಚಲಿ ಬಿಡು ಅಂದರು.

ಕಾರ್ನಾಡರು ಟರ್ನಿಂಗ್ ಪಾಯಿಂಟ್ ಅಂತ ವಿಜ್ಞಾನದ ಕಾರ್ಯಕ್ರಮವನ್ನೂ ನಡೆಸಿಕೊಡುತ್ತಿದ್ದರು. ಪ್ರೊಫೆಸರ್ ಯಶಪಾಲ್ ಅದರಲ್ಲಿ ನಕ್ಕೊಂಡು ನಕ್ಕೊಂಡು ಉತ್ತರ ಹೇಳುತ್ತಿದ್ದರು. ಅವರ ಕೂದಲು ನನಗೆ ಈಗಲೂ ಕಣ್ಣಮುಂದೆ ಇದೆ.

ಚಾಮುಂಡಿಪುರಂ ಚಂದ್ರು
ಅಕ್ಕ, ಕಾರ್ನಾಡರು ಅಂದ ಕೂಡಲೇ ಮಾಲ್ಗುಡಿ ಡೇಸ್ ನೆನಪಾಗುತ್ತದೆ. ಸ್ವಾಮಿಯ ಅಪ್ಪ!

ಸಣ್ಣಸ್ವಾಮಿ
ಅಲ್ಲೇ ನನ್ನ ಬೇಸರ ಇರುವುದು. ಮಾಲ್ಗುಡಿ ಕಥೆ ಬರೆದ ಆರ್.ಕೆ. ನಾರಾಯಣ್ ನಮ್ಮ ಮೈಸೂರಲ್ಲಿ, ಯಾದವಗಿರಿಯಲ್ಲಿ ಮನೆ ಕಟ್ಟಿದವರು. ಮಾಡಿದ್ದು ನಮ್ಮ ಶಂಕರ್‌ನಾಗ್. ಶೂಟಿಂಗ್ ಆಗುಂಬೆಯಲ್ಲಿ. ಆದರೆ ಬಂದಿದ್ದು ಹಿಂದಿ, ಇಂಗ್ಲಿಷ್‌ನಲ್ಲಿ. ಇಲ್ಲಿ ಹೆಸರಿಸಿದ ಸೀರಿಯಲ್‌ಗಳಲ್ಲಿ ಒಂದಾದರೂ ಕನ್ನಡದ್ದಿದೆಯಾ? ಜೈಂಟ್ ರೋಬೋಟ್, ವ್ಯೋಮ್, ಇಂದ್ರಧನುಷ್, ಶಕ್ತಿಮಾನ್, ಒಂದೂ ಇಲ್ಲ. ನಮ್ಮ ಮಕ್ಕಳು ಆಕಾಶ ನೋಡಿದ್ದೆಲ್ಲ ಬೇರೆಯವರ ಭಾಷೆಯಲ್ಲಿ.

ಓದುವುದಕ್ಕಂತೂ ಕನ್ನಡದಲ್ಲಿ ಬೇಕಾದಷ್ಟಿತ್ತು. ಇದೇ ಮೈಸೂರಲ್ಲಿ ಜಿ.ಟಿ. ನಾರಾಯಣರಾಯರು, ಜೆ.ಆರ್. ಲಕ್ಷ್ಮಣರಾಯರು ಎಷ್ಟು ಸುಲಭವಾದ ಕನ್ನಡದಲ್ಲಿ ವಿಜ್ಞಾನ ಬರೆದರು. ಬಾಲವಿಜ್ಞಾನ ಪತ್ರಿಕೆ ಬರುತ್ತಿತ್ತು. ರಾಜಶೇಖರ ಭೂಸನೂರಮಠರು ವಿಜ್ಞಾನದ ಕಥೆ ಬರೆದರು. ಅದರಲ್ಲಿ ಒಂದನ್ನು ತೆಗೆದುಕೊಂಡು ಮಕ್ಕಳಿಗೆ ಅಂತ ಸೀರಿಯಲ್ ಮಾಡಬಹುದಿತ್ತು. ಕನಿಷ್ಠ ಡಬ್ಬಿಂಗ್ ಆದರೂ ಬಿಡಬೇಕಿತ್ತು.

ಹಳೇ ರೀಲು
ಬೇರೆ ಭಾಷೆಯದನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವುದು ಬೇಡ ಅಂತ ಚಿತ್ರರಂಗದವರು ಅಂದಿದ್ದಕ್ಕೆ ಕಾರಣ ಇತ್ತು ಸ್ವಾಮಿ. ಅರವತ್ತರ ದಶಕದಲ್ಲಿ ಕನ್ನಡ ಚಿತ್ರರಂಗ ಅಂಬೆಗಾಲಿಡುತ್ತಿತ್ತು. ಬೇರೆ ಭಾಷೆಯ ದೊಡ್ಡ ಚಿತ್ರಗಳು ಕನ್ನಡ ಮಾತಾಡಿಕೊಂಡು ಬಂದಿದ್ದರೆ ನಮ್ಮ ಕಲಾವಿದರು, ತಂತ್ರಜ್ಞರು ಎಲ್ಲಿಗೆ ಹೋಗಬೇಕಿತ್ತು? ಆವತ್ತು ಹೋರಾಡಿದವರ ಹೊಟ್ಟೆಯ ಸಂಕಟ ನಮಗೆ ಗೊತ್ತಿರಬೇಕು.

ಸಣ್ಣಸ್ವಾಮಿ
ಸಿನಿಮಾಗೆ ಒಪ್ಪುತ್ತೇನೆ. ಏಳು ವರ್ಷದ ಮಗು ನೋಡುವ ರೋಬೋಟಿನಿಂದ ಯಾವ ಕಲಾವಿದನ ಅನ್ನ ಹೋಗುತ್ತಿತ್ತು? 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳುವಷ್ಟರಲ್ಲಿ ನಮ್ಮ ಬಾಲ್ಯ ಮುಗಿದು, ನಮ್ಮ ಮಕ್ಕಳು ಹಿಂದಿ ಕಾರ್ಟೂನಿನ ಹಾಗೆ ಮಾತಾಡುತ್ತಿದ್ದರು.

ಹಳೇ ರೀಲು
ಮಕ್ಕಳ ವಿಷಯದಲ್ಲಿ ನಿಮ್ಮ ಮಾತು ಸರಿ ಇರಬಹುದು. ಮಕ್ಕಳ ಕಾರ್ಯಕ್ರಮವನ್ನು ಬೇರೆಯಾಗಿ ನೋಡಬೇಕಿತ್ತು.

ಪುಟ್ಟಮ್ಮಣ್ಣಿ
ಡಬ್ಬಿಂಗ್ ಇರಲಿಲ್ಲ ಅಂತ ಯಾಕೆ ಹೇಳುತ್ತೀರಿ? ನಾಲೆದಂಡೆಯವರ ಅಣ್ಣ ಮಾಡಿದ್ದೇನು? ನಮ್ಮ ಬೀದಿಯಲ್ಲಿ ಹಿಂದಿ ಪ್ರವೀಣ ಪಾಸಾದ ಒಬ್ಬ ಅಕ್ಕ ಇದ್ದರು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಾ ಒಂದೊಂದು ಮಾತಿಗೂ ಕನ್ನಡ ಹೇಳುತ್ತಿದ್ದರು. ಅವರು ಬರುವುದು ತಡವಾದರೆ ನಾವು ಟಿವಿ ಹಾಕುತ್ತಲೇ ಇರಲಿಲ್ಲ. ಅವರ ಮದುವೆಯಾಗಿ ನಂಜನಗೂಡಿಗೆ ಹೋದ ಮೇಲೆ ಆ ಸೀರಿಯಲ್ ನೋಡುವುದನ್ನೇ ಬಿಟ್ಟೆವು.

ಬೋಗಾದಿ ಹುಡುಗ
ನಾನು ನಿಮಗಿಂತ ತುಂಬಾ ಚಿಕ್ಕವನು. ನನ್ನದು ಕರಿಷ್ಮಾ ಕಾ ಕರಿಷ್ಮಾ, 2003. ರೋಬೋಟ್ ಹುಡುಗಿ. ಆಮೇಲೆ ಗೊತ್ತಾಯಿತು, ಅದಕ್ಕೆ ಮೂಲ ಸ್ಮಾಲ್ ವಂಡರ್ ಅಂತ. ನಿಮ್ಮ ಜೈಂಟ್ ರೋಬೋಟ್ ಈಗ ಸ್ವಲ್ಪ ನೋಡಿದೆ. ರೋಬೋಟ್ ಹಾರುವಾಗ ಗೊಂಬೆ ಅಂತ ಗೊತ್ತಾಗುತ್ತದೆ. ದಾರ ಕೂಡ ಕಂಡಂತಾಯಿತು. ಇದು ಆಗ ನಿಜ ಅನಿಸುತ್ತಿತ್ತಾ? ಕುತೂಹಲಕ್ಕೆ ಕೇಳುತ್ತಿದ್ದೇನೆ.

ಆಂಟೆನಾ ಮೇಷ್ಟ್ರು
ಒಳ್ಳೆಯ ಪ್ರಶ್ನೆ ಮಗು. ಒಳಗೆ ಮನುಷ್ಯ ವೇಷ ಹಾಕಿ ನಿಂತಿರುತ್ತಾನೆ, ಸುತ್ತ ಮೊಣಕಾಲೆತ್ತರದ ಕಟ್ಟಡಗಳು. ಜಪಾನಿನಲ್ಲಿ ಇದಕ್ಕೆ ಟೊಕುಸಾತ್ಸು ಅನ್ನುತ್ತಾರೆ, ಅದೊಂದು ದೊಡ್ಡ ಕಲೆ. 1966ರ ಅಲ್ಟ್ರಾಮ್ಯಾನ್ ಕೂಡ ಇದೇ ದಾರಿಯದು. ಪ್ರತಿ ವಾರ ಒಂದು ಊರನ್ನೇ ಪುಟ್ಟದಾಗಿ ಕಟ್ಟಿ ಒಡೆಯಬೇಕಿತ್ತು.

ಹಣ ಕಡಿಮೆ ಇದ್ದಾಗಲೇ ಕೆಲವು ಒಳ್ಳೆಯ ಯೋಚನೆ ಹುಟ್ಟಿವೆ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಅಂತ ಅಮೆರಿಕದ ಬಾಹ್ಯಾಕಾಶ ನೌಕೆಯ ಸೀರಿಯಲ್ ಬರುತ್ತಿತ್ತು. ಅದರಲ್ಲಿ ಜನ ನಿಂತಲ್ಲೇ ಕರಗಿ ಇನ್ನೊಂದು ಗ್ರಹದಲ್ಲಿ ಮೂಡುತ್ತಾರಲ್ಲ, ಅದು ಯಾಕೆ ಬಂತು ಗೊತ್ತಾ? ಪ್ರತಿ ವಾರ ನೌಕೆ ಇಳಿಯುವುದನ್ನು ತೋರಿಸಲು ಖರ್ಚು ಜಾಸ್ತಿ ಆಗುತ್ತಿತ್ತು. ಖರ್ಚು ಉಳಿಸಲು ಹುಡುಕಿದ ಉಪಾಯ ಇಡೀ ಜಗತ್ತಿಗೆ ಇಷ್ಟವಾಯಿತು.

ದಾರದ ವಿಷಯಕ್ಕೆ ಬಂದರೆ, ನಮಗೆ ಅದು ಕಾಣುತ್ತಲೇ ಇರಲಿಲ್ಲ. ನಮ್ಮ ಟಿವಿಯಲ್ಲಿ ಮಳೆ ಸುರಿದಂತೆ ಚುಕ್ಕೆ. ಒಬ್ಬ ಹೆಂಚಿನ ಮೇಲೆ ಆಂಟೆನಾ ತಿರುಗಿಸುವುದು, ಒಬ್ಬ ಕಿಟಕಿಯಲ್ಲಿ ನಿಂತು ಬಂತು, ಹೋಯ್ತು, ಬಂತು ಅಂತ ಕೂಗುವುದು. ನಾನು ಮೇಲೆ ಹತ್ತುತ್ತಿದ್ದವನು. ಅದಕ್ಕೇ ಈ ಹೆಸರು. ಎಷ್ಟೋ ಕಂತುಗಳನ್ನು ಹೆಂಚಿನ ಮೇಲೆ ಕೂತು ಕಿವಿಯಲ್ಲಿ ಮಾತ್ರ ಕೇಳಿದ್ದೇನೆ.

ಕಬ್ಬಿನಗದ್ದೆ ಕುಮಾರ
ಟಿವಿ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದರಲ್ಲ ಮೇಷ್ಟ್ರೇ? ನಮ್ಮ ಚಿಕ್ಕಪ್ಪನ ಮನೆಯಲ್ಲಿತ್ತು. ಮೇಲೆ ನೀಲಿ, ಕೆಳಗೆ ಹಸಿರು. ಎಲ್ಲರ ಮುಖವೂ ಮೂರು ಬಣ್ಣ.

ಆಂಟೆನಾ ಮೇಷ್ಟ್ರು
ಹೂಂ ಕುಮಾರ್! ಆಕಾಶದ ದೃಶ್ಯಕ್ಕೆ ಮಾತ್ರ ಸರಿಯಾಗಿ ಹೊಂದುತ್ತಿತ್ತು.

ಬೋಗಾದಿ ಹುಡುಗ
ಕಿವಿಯಲ್ಲಿ ಕೇಳಿಯೇ ನೋಡಿದ್ದೀರಾ ಸರ್? ಈಗ ಮತ್ತೆ ಶುರುವಿನಿಂದ ನೋಡುತ್ತೇನೆ. ಮೊದಲ ಕಂತಿನಲ್ಲೇ ರೋಬೋಟ್ ಆ ಹುಡುಗನ ದನಿ ಕೇಳಿ, ಅವನ ಮಾತು ಮಾತ್ರ ಕೇಳುವ ಹಾಗೆ ಆಗುತ್ತದಲ್ಲ, ಅದು ತುಂಬಾ ಚೆನ್ನಾಗಿದೆ. ನಮ್ಮ ಫೋನು ಈಗ ಮಾಡುವ ಕೆಲಸವನ್ನು 1967ರಲ್ಲೇ ಯೋಚಿಸಿದ್ದರು.

ನಾಲೆದಂಡೆ
ಇವತ್ತು ಅಣ್ಣನಿಗೆ ಫೋನ್ ಮಾಡಿದೆ. ಅವನು ಮಂಡ್ಯದಲ್ಲೇ ಇದ್ದಾನೆ. ರೋಬೋಟ್ ನೀರಿಗೆ ಬಿದ್ದಿತ್ತಲ್ವಾ ಅಣ್ಣ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದ.

ಕೊನೇ ಕಂತಿನ ದಿನ ರೋಬೋಟ್ ಮೇಲಕ್ಕೆ ಎದ್ದಿತಂತೆ. ಹುಡುಗ ಕೂಗುತ್ತಿದ್ದನಂತೆ. ಆಗಲೇ ಕರೆಂಟು ಹೋಯಿತಂತೆ. ಇಡೀ ವಠಾರದಲ್ಲಿ ಯಾರೂ ಕೊನೆ ನೋಡಿಲ್ಲ. ಕತ್ತಲಲ್ಲಿ ನಾನು ಜೋರಾಗಿ ಅಳಲು ಶುರು ಮಾಡಿದೆ, ರೋಬೋಟ್ ಸತ್ತು ಹೋಯ್ತಾ ಅಂತ. ಅಮ್ಮ ಸೀಮೆಎಣ್ಣೆ ದೀಪ ಹಚ್ಚುವಷ್ಟರಲ್ಲಿ ಅಣ್ಣ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಉಳಿದ ಕಥೆ ಹೇಳಿದ. ಕಟ್ಟೆ, ನೀರು, ಗುಳ್ಳೆ, ಮತ್ತೆ ಏಳುವುದು, ಎಲ್ಲ ಅವನೇ ಕಟ್ಟಿದ್ದು. ಅವನಿಗಾಗ ಹದಿಮೂರು ವರ್ಷ. ಇಂಗ್ಲಿಷ್ ಅವನಿಗೂ ಅಷ್ಟಾಗಿ ಬರುತ್ತಿರಲಿಲ್ಲವಂತೆ. ಮಹಿಷ ಅನ್ನುವ ಹೆಸರು ಚಾಮುಂಡಿಬೆಟ್ಟದ ಮೂರ್ತಿ ನೋಡಿ ಇಟ್ಟಿದ್ದು. ಯೂನಿಕಾರ್ನ್ ಅನ್ನುವ ಪದವನ್ನು ಮಾತ್ರ ಡಿಕ್ಷನರಿಯಲ್ಲಿ ನೋಡಿಕೊಂಡು ಬಂದಿದ್ದನಂತೆ.

ಈಗ ನನಗೆ ಇನ್ನೊಂದು ನೆನಪಾಗುತ್ತಿದೆ. ಅವನು ಬರೀ ಕಟ್ಟೆ ಅಂದಿರಲಿಲ್ಲ, ಕನ್ನಂಬಾಡಿ ಕಟ್ಟೆ ಅಂದಿದ್ದ. ಬೇಸಿಗೆಯಲ್ಲಿ ಕೆಆರ್‌ಎಸ್‌ಗೆ ಹೋದಾಗ ಹಿನ್ನೀರಿನಲ್ಲಿ ಕಪ್ಪಗೆ ಬಂಡೆ ಕಂಡರೆ ಅದೇ ಅದರ ತಲೆ ಅಂತ ನೋಡುತ್ತಾ ನಿಲ್ಲುತ್ತಿದ್ದೆ. ಅಪ್ಪ ಕೈ ಹಿಡಿದು ಎಳೆದರೂ ಬರುತ್ತಿರಲಿಲ್ಲ.

ಶಾರದೆ ಒಂಟಿಕೊಪ್ಪಲ್
ಓದಿ ಕಣ್ಣು ತುಂಬಿತು. ನಿಮ್ಮ ಅಣ್ಣ ಹೇಳಿದ ಕೊನೆ ನನಗೂ ಆವತ್ತು ಯಾರಾದರೂ ಹೇಳಿದ್ದರೆ ಊಟ ಮಾಡುತ್ತಿದ್ದೆ. ನಾನು ಅದು ತಪ್ಪು ಅಂತ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಹಳೇ ರೀಲು
ಆ ನೀರಿನ ಅಡಿಯಲ್ಲಿ ನಿಜವಾಗಲೂ ಒಂದು ಊರಿತ್ತು. ಅಣೆಕಟ್ಟು ಕಟ್ಟಿದಾಗ ಹಳೇ ಕನ್ನಂಬಾಡಿ ಮುಳುಗಿತು, ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಈಗ ಅದನ್ನು ಹೊಸ ಕನ್ನಂಬಾಡಿಯಲ್ಲಿ ಎತ್ತಿ ಕಟ್ಟಿದ್ದಾರೆ. ನೀರಲ್ಲಿ ಮಲಗಿದ್ದು ಏಳುತ್ತದೆ ಅನ್ನುವುದು ಆ ಕಡೆಯ ಮಗುವಿಗೆ ಸುಲಭವಾಗಿ ನಂಬಿಕೆ ಬರುತ್ತದೆ.

ಸಣ್ಣಸ್ವಾಮಿ
ಅಣ್ಣನವರಿಗೆ ಬರೆಯಲು ಹೇಳಿ. ಕನ್ನಡದ್ದೊಂದು ಇಲ್ಲ ಅಂತ ನಾನು ಗೋಳಾಡಿದ್ದೆ. 26 ಕಂತೂ ಅವರ ಕನ್ನಡದಲ್ಲಿ ನನಗೆ ಬೇಕು.

ಚಾಮುಂಡಿಪುರಂ ಚಂದ್ರು
ನನಗೂ!

ನಾಲೆದಂಡೆ
ಭಾನುವಾರ ಮಗನನ್ನು ಕರೆದುಕೊಂಡು ಮಂಡ್ಯಕ್ಕೆ ಹೋಗಿದ್ದೆ. ದಾರಿಯಲ್ಲಿ ಅವನು ದಾರ ಕಾಣುತ್ತಂತೆ ಅಂತ ನಗುತ್ತಿದ್ದ, ಇಲ್ಲಿ ಓದಿದ್ದ. ಊಟ ಆದ ಮೇಲೆ ಮೂವರೂ ಕೂತು ಕೊನೇ ಕಂತು ಹಾಕಿದೆವು. ಅಣ್ಣ ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಶಾರದಕ್ಕ ಹೇಳಿದ ಹಾಗೇ ಇದೆ. ಹುಡುಗ ಕೂಗುತ್ತಾನೆ, ರೋಬೋಟ್ ತಿರುಗಿ ನೋಡುವುದಿಲ್ಲ. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಮಗ ನಗಲಿಲ್ಲ. ಪರದೆ ಕಪ್ಪಾದ ಮೇಲೆ ದೊಡ್ಡಪ್ಪನ ತೋಳು ಹಿಡಿದುಕೊಂಡು ಕೇಳಿದ, 'ಆಮೇಲೆ ಕನ್ನಂಬಾಡಿಗೆ ಬಿತ್ತಲ್ವಾ ದೊಡ್ಡಪ್ಪ?'

ಅಣ್ಣ ಅವನನ್ನು ಹತ್ತಿರ ಕೂರಿಸಿಕೊಂಡು ಶುರು ಮಾಡಿದ. ಈ ಸಲ ಕಥೆ ಉದ್ದ ಇತ್ತು. ರೋಬೋಟ್ ಮಲಗಿರುವ ಜಾಗದಲ್ಲಿ ಮೀನುಗಳು ಮನೆ ಮಾಡಿವೆಯಂತೆ.

ಆಂಟೆನಾ ಮೇಷ್ಟ್ರು
ಯಾವ ಕಡೆ ಮಲಗಿದೆ ಅಂತ ಕೇಳಿ. ಮುಂದಿನ ತಿಂಗಳು ಮೊಮ್ಮಕ್ಕಳನ್ನು ಕೆಆರ್‌ಎಸ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ.